ಭರತನಾಟ್ಯದ ಮೈ, ಬ್ರಿಟನ್ನಿನ ಎಂಎ: ಸ್ವಂತ ಕೊರಿಯೋಗ್ರಫಿಗೆ ನಾನು ಹಿಡಿದ ದಾರಿ

ರಂಗಪ್ರವೇಶ ಮುಗಿಸಿ, ನೃತ್ಯದ ಉನ್ನತ ಹಂತದ ವಿದ್ವತ್ ಪರೀಕ್ಷೆ ಪಾಸು ಮಾಡಿ, ನಾಲ್ಕಾರು ವರ್ಷ ಕಾರ್ಯಕ್ರಮ ಕೊಟ್ಟ ಮೇಲೆ ಬ್ರಿಟನ್ನಿಗೆ ಕೊರಿಯೋಗ್ರಫಿ (ನೃತ್ಯ ಸಂಯೋಜನೆ) ಎಂಎ ಓದಲು ಹೊರಡುವ ಭರತನಾಟ್ಯದವರು, ಅಲ್ಲಿ ಹೊಸದೊಂದು ನೃತ್ಯಪದ್ಧತಿ ಕಲಿಸುತ್ತಾರೆ ಎಂದುಕೊಂಡಿರುತ್ತಾರೆ. ಕಲಿಸುವುದಿಲ್ಲ. ಬೆಳಗಿನ ಟೆಕ್ನಿಕ್ ಕ್ಲಾಸುಗಳಿರುತ್ತವೆ, ಹೋಗಬಹುದು, ಮೈಗೆ ಒಳ್ಳೆಯದು. ಆದರೆ ಅಂಕ ಬರುವುದು ಅದಕ್ಕಲ್ಲ. ನೀವು ಹಾಕಿಕೊಂಡ ಪ್ರಶ್ನೆ ಯಾವುದು, ಅದನ್ನು ಸ್ಟುಡಿಯೊದಲ್ಲಿ ಹೇಗೆ ಬೆನ್ನಟ್ಟಿದಿರಿ, ಏನು ಕಂಡಿರಿ, ಅದು ಪ್ರದರ್ಶನದಲ್ಲಿ ಎಷ್ಟು ಉಳಿಯಿತು, ಇವಕ್ಕೆ ಅಂಕ. ಮೈಗೆ ಹತ್ತಿದ್ದರ ಮೇಲೆ ಇನ್ನೊಂದು ಪದರ ಹಚ್ಚುವ ಕೆಲಸವಲ್ಲ ಇದು, ಹತ್ತಿದ್ದನ್ನು ಬಿಚ್ಚಿ ಯಾವುದು ಯಾರದು ಎಂದು ವಿಂಗಡಿಸುವ ಕೆಲಸ. ನಾನು ವಿಂಗಡಿಸಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಒಡಿಸ್ಸಿ, ಕಥಕ್, ಕೂಚಿಪುಡಿಯವರಿಗೂ ಇದರ ಬಹುಪಾಲು ಹೊಂದುತ್ತದೆ, ಉದಾಹರಣೆ ಮಾತ್ರ ಬೇರೆ ಹಾಕಿಕೊಳ್ಳಬೇಕು.

ಮೊದಲು ಲೆಕ್ಕ. ಬ್ರಿಟನ್ನಿನ ಪೂರ್ಣಾವಧಿ ಎಂಎ ಸಾಮಾನ್ಯವಾಗಿ 12 ತಿಂಗಳು, 180 ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ ಹತ್ತು ಗಂಟೆಯ ಕೆಲಸ. ಕೊನೆಯ ಪ್ರಾಜೆಕ್ಟಿಗೆ ಸಾಮಾನ್ಯವಾಗಿ 60 ಕ್ರೆಡಿಟ್, ಅಂದರೆ 600 ಗಂಟೆ. ಇದರಲ್ಲಿ ಮೇಷ್ಟ್ರು ಎದುರಿಗೆ ಕೂರುವುದು ಬೆರಳೆಣಿಕೆಯ ಗಂಟೆಗಳು, ಉಳಿದದ್ದೆಲ್ಲ ನಿಮ್ಮ ತಲೆಯ ಮೇಲೆ. ಎದುರಿಗೆ ಗುರು ಕೂತು ತಟ್ಟುಕೋಲಿನಿಂದ ತಾಳ ಹಾಕುತ್ತಿದ್ದರೆ ಮಾತ್ರ ಮೈ ಏಳುವ ಅಭ್ಯಾಸದವರು ಮೊದಲ ಟರ್ಮಿನಲ್ಲಿ ಮುಗ್ಗರಿಸುವುದು ಇಲ್ಲೇ. ಅಂಕದ ವಿಷಯವೂ ಅಷ್ಟೆ: 50 ಬಂದರೆ ಪಾಸು, 60ಕ್ಕೆ ಮೆರಿಟ್, 70ಕ್ಕೆ ಡಿಸ್ಟಿಂಕ್ಷನ್. ನಮ್ಮ ಕಡೆಯ ತೊಂಬತ್ತರ ಲೆಕ್ಕದಲ್ಲಿ 64 ನೋಡಿ ಕಣ್ಣೀರು ಹಾಕಬೇಡಿ, ಅದು ಒಳ್ಳೆಯ ಅಂಕ.

ಅರ್ಜಿ

ಅರ್ಜಿಯ ಜೊತೆ ವಿಡಿಯೊ ಕೇಳುತ್ತಾರೆ. ರಂಗಪ್ರವೇಶದ ವರ್ಣವನ್ನು (ಕಛೇರಿಯ ದೀರ್ಘ, ಮುಖ್ಯ ನೃತ್ಯಬಂಧ) ಪೂರ್ತಿ ಅಲಂಕಾರ, ದೀಪ, ಎರಡು ಕ್ಯಾಮೆರಾ ಕಟ್ಟಿಂಗ್ ಸಮೇತ ಕಳಿಸುವವರೇ ಹೆಚ್ಚು. ಆಯ್ಕೆ ಮಾಡುವವರಿಗೆ ಅದರಲ್ಲಿ ಕಾಣುವುದು ನಿಮ್ಮ ಗುರುಗಳ ಸಂಯೋಜನೆ ಮತ್ತು ನಿಮ್ಮ ಶಿಸ್ತು. ಇವೆರಡೂ ಒಳ್ಳೆಯವೇ, ಆದರೆ ಅವರು ಹುಡುಕುತ್ತಿರುವುದು ಸಂಯೋಜಕರನ್ನು. ನಾನು ಪಾಲಿಸಿದ ಕ್ರಮ ಇಷ್ಟು: ಖಾಲಿ ಗೋಡೆಯ ಕೋಣೆ, ಅಭ್ಯಾಸದ ಸೀರೆ ಅಥವಾ ಸಾದಾ ಬಟ್ಟೆ, ಎದೆಯ ಎತ್ತರದಲ್ಲಿ ಅಲುಗದ ಕ್ಯಾಮೆರಾ, ಪಾದವೂ ಎತ್ತಿದ ಕೈಯೂ ಚೌಕಟ್ಟಿನೊಳಗೆ ಬರುವಷ್ಟು ದೂರ (ಐದಾರು ಮೀಟರ್ ಬೇಕಾಗುತ್ತದೆ), ಸ್ವಂತ ರಚನೆಯ ಮೂರರಿಂದ ಐದು ನಿಮಿಷ, ಒಂದೇ ಟೇಕ್, ಕಟ್ಟಿಂಗ್ ಇಲ್ಲ. ಗುರುಗಳ ವರ್ಣದ ತುಣುಕನ್ನು ಬೇಕಾದರೆ ಒಂದು ನಿಮಿಷ ಕೊನೆಗೆ ಸೇರಿಸಿ, ಅದು ಯಾರ ಸಂಯೋಜನೆ ಎಂದು ಪರದೆಯ ಮೇಲೆ ಬರೆಯಿರಿ.

ವಿದ್ವತ್ ಪ್ರಮಾಣಪತ್ರ ಅಲ್ಲಿ ಪದವಿಯ ಸ್ಥಾನಕ್ಕೆ ನಿಲ್ಲುವುದಿಲ್ಲ, ಯಾವುದಾದರೂ ವಿಷಯದ ಪದವಿ ಬೇಕು. ಬಿಕಾಂ, ಬಿಇ ಆದವರನ್ನೂ ವೃತ್ತಿ ಅನುಭವ ನೋಡಿ ತೆಗೆದುಕೊಳ್ಳುವ ಕೋರ್ಸುಗಳಿವೆ, ಹಾಗಾಗಿ ವಿದ್ವತ್ತನ್ನು ಅನುಭವದ ಕಾಲಮಿನಲ್ಲಿ, ಎಷ್ಟು ವರ್ಷದ ಪಠ್ಯ, ಏನೇನು ಪ್ರಯೋಗ ಪರೀಕ್ಷೆ ಎಂಬ ವಿವರದ ಜೊತೆ ಬರೆಯಿರಿ. ಬ್ರಿಟನ್ ಸರ್ಕಾರದ ಚೀವನಿಂಗ್ ವಿದ್ಯಾರ್ಥಿವೇತನಕ್ಕೆ ಹಾಕುವವರಿಗೆ 2,800 ಗಂಟೆಗಳ ಕೆಲಸದ ಅನುಭವ ತೋರಿಸಬೇಕಾಗುತ್ತದೆ. ಕ್ಲಾಸು ಹೇಳಿಕೊಟ್ಟದ್ದು, ತಾಲೀಮು, ಪ್ರದರ್ಶನ ಎಲ್ಲಕ್ಕೂ ತಾರೀಖು ಹಾಕಿದ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಂಡರೆ ಆಮೇಲೆ ಪರದಾಟ ತಪ್ಪುತ್ತದೆ.

ಇನ್ನು ಪ್ರಸ್ತಾವನೆಯ ಪ್ರಶ್ನೆ. ಮೊದಲ ಕರಡಿನಲ್ಲಿ ಅದು ಸಾಧಾರಣವಾಗಿ ಹೀಗಿರುತ್ತದೆ: "ಭರತನಾಟ್ಯವನ್ನು ಸಮಕಾಲೀನ ನೃತ್ಯದೊಂದಿಗೆ ಹೇಗೆ ಬೆಸೆಯಬಹುದು?" ಈ ಪ್ರಶ್ನೆ ಹಿಡಿದುಕೊಂಡು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಖಾಲಿ ಸ್ಟುಡಿಯೊದಲ್ಲಿ ನಿಂತರೆ ಏನು ಮಾಡುತ್ತೀರಿ? ಏನೂ ತೋಚುವುದಿಲ್ಲ. ಅದನ್ನು ಕುಗ್ಗಿಸಬೇಕು. "ಮುಖ ಇಲ್ಲದ ಅಭಿನಯ ಸಾಧ್ಯವೇ?" ಸ್ವಲ್ಪ ವಾಸಿ. ಇನ್ನೂ ಕುಗ್ಗಿಸಿ: "ನಾಲ್ಕು ಸಾಲಿನ ಒಂದು ಪದದಲ್ಲಿ (ಅಭಿನಯಕ್ಕೆ ಬಳಸುವ ಹಾಡು) ಮುಖವನ್ನು ನಿಶ್ಚಲವಾಗಿಟ್ಟರೆ ಹಸ್ತದ (ಕೈಮುದ್ರೆಯ) ಅರ್ಥ ಯಾವ ಜಾಗಗಳಲ್ಲಿ ಉಳಿಯುತ್ತದೆ, ಯಾವ ಜಾಗಗಳಲ್ಲಿ ಕಳಚಿ ಬೀಳುತ್ತದೆ?" ಇದನ್ನು ಹಿಡಿದು ಕೆಲಸ ಶುರು ಮಾಡಬಹುದು. ನನ್ನ ಅಳತೆಗೋಲು ಮೂರು. ಎರಡು ಗಂಟೆಯ ಸ್ಟುಡಿಯೊ ಅವಧಿಯಲ್ಲಿ ಏನಾದರೂ ಒಂದು ಪರೀಕ್ಷೆ ಮಾಡಿ ನೋಡಲು ಬರಬೇಕು. "ಇಲ್ಲ" ಎಂಬ ಉತ್ತರಕ್ಕೂ ಜಾಗ ಇರಬೇಕು. ಫಲಿತಾಂಶ ಹೊರಗಿನವರ ಕಣ್ಣಿಗೆ ಬೀಳಬೇಕು. ಪೂರ್ವ ಪಶ್ಚಿಮಗಳ ಸೇತುವೆ, ಆಧ್ಯಾತ್ಮಿಕ ಪಯಣ ಮುಂತಾದ ಮಾತು ಬಂದ ಕಡೆ ಗೆರೆ ಎಳೆದುಬಿಡಿ. ಅವನ್ನು ಓದಿ ಓದಿ ಆಯ್ಕೆ ಸಮಿತಿಗಳು ಸುಸ್ತಾಗಿವೆ.

ದಾಸ್ತಾನು

ಸ್ಟುಡಿಯೊದ ಮೊದಲ ಕೆಲಸ, ಮೈಯಲ್ಲಿ ಏನೇನಿದೆ ಎಂಬ ಪಟ್ಟಿ. ಸಂಗೀತವಿಲ್ಲದೆ, ತಾಳವಿಲ್ಲದೆ, ಇಪ್ಪತ್ತು ನಿಮಿಷ ಮನಬಂದಂತೆ ಚಲಿಸಿ ಅದನ್ನು ಚಿತ್ರೀಕರಿಸಿಕೊಳ್ಳುತ್ತಿದ್ದೆ. ಅದೇ ದಿನ ನೋಡುತ್ತಿರಲಿಲ್ಲ. ಅದೇ ದಿನ ನೋಡಿದರೆ ಮೈಯ ನೆನಪು ಕಣ್ಣಿಗೆ ಅಡ್ಡ ಬರುತ್ತದೆ, ಚೆನ್ನಾಗಿ ಅನ್ನಿಸಿದ್ದೆಲ್ಲ ಚೆನ್ನಾಗಿಯೇ ಕಾಣುತ್ತದೆ. ಮಾರನೆಯ ದಿನ ಧ್ವನಿ ಆರಿಸಿ ನೋಡಿ, ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಮ್: ಸಮಯ, ಏನಾಯಿತು, ಎಲ್ಲಿಂದ ಬಂತು, ಎಷ್ಟನೇ ಸಲ.

"ಎಲ್ಲಿಂದ ಬಂತು" ಎಂಬುದಕ್ಕೆ ಮೂರೇ ಉತ್ತರ: ಗುರುವಿನದು, ಶೈಲಿಯದು, ಎರಡೂ ಅಲ್ಲದ್ದು. ಅರೆಮಂಡಿ (ಮಂಡಿಗಳನ್ನು ಹೊರಕ್ಕೆ ಬಾಗಿಸಿ ಅರ್ಧ ಕೂತ ನಿಲುವು), ಬಲಗಡೆ ಮಾಡಿದ್ದನ್ನು ಎಡಗಡೆ ಮಾಡುವುದು, ಕೈ ಹೋದಲ್ಲಿ ಕಣ್ಣು ಹೋಗುವುದು, ಸದಾ ಎದುರಿಗೆ ಮುಖ, ಯಾವ ಚಲನೆಯನ್ನಾದರೂ ಮೂರು ಸಲ ಹೇಳಿ ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ತಂದು ನಿಲ್ಲಿಸುವುದು, ಇವೆಲ್ಲ ಶೈಲಿಯವು. ತೀರ್ಮಾನದ (ಮೂರು ಸಲ ಹೇಳಿ ಮುಗಿಸುವ ಮುಕ್ತಾಯದ) ಕೊನೆಗೆ ಗದ್ದ ಎತ್ತುವುದು, ಪ್ರತಿ ಸಂಚಾರಿಗೆ (ಅಭಿನಯದಲ್ಲಿ ಒಂದು ಸಾಲನ್ನು ವಿಸ್ತರಿಸುವ ಭಾಗಕ್ಕೆ) ಮುನ್ನ ಉಸಿರು ಎಳೆದುಕೊಳ್ಳುವುದು, ಎಡ ಭುಜ ಒಂದಿಷ್ಟು ಹಿಂದೆ ಹೋಗುವುದು, ಇಂಥವು ಗುರುವಿನಿಂದ ಬಂದಿರುತ್ತವೆ. ಅದೇ ಗುರುಗಳ ಇನ್ನಿಬ್ಬರು ಶಿಷ್ಯರ ವಿಡಿಯೊ ಪಕ್ಕದಲ್ಲಿಟ್ಟು ನೋಡಿದರೆ ಅನುಮಾನ ಬಗೆಹರಿಯುತ್ತದೆ. ಮೂರನೆಯ ಗುಂಪಿಗೆ ಸೇರುವುದು ಬಹಳ ಕಡಿಮೆ, ನೋಡಲು ಬಹಳ ಸಾಮಾನ್ಯ. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ತಡವಾಗಿ ವರ್ಗಾಯಿಸುವುದು, ಹಸ್ತ ಮುಗಿದ ಮೇಲೂ ಮಣಿಕಟ್ಟು ಚೂರು ಮುಂದಕ್ಕೆ ಹರಿಯುವುದು, ತಿರುಗುವ ಮೊದಲು ಸೊಂಟ ಹಿಂಜರಿಯುವುದು. ಕ್ಲಾಸಿನಲ್ಲಿ ಇವನ್ನು ದೋಷವೆಂದೇ ತಿದ್ದಿರುತ್ತಾರೆ. ಹಾಗಾಗಿ ಇವು ಹೊರಗೆ ಬರಲು ಮೈ ದಣಿದಿರಬೇಕು, ಇಪ್ಪತ್ತು ನಿಮಿಷದ ಕೊನೆಯ ಐದಾರು ನಿಮಿಷದಲ್ಲಿ ಹೆಚ್ಚು ಸಿಗುತ್ತವೆ. ಹತ್ತು ನಿಮಿಷಕ್ಕೆ ನಿಲ್ಲಿಸುವವರಿಗೆ ಮೂರನೆಯ ಗುಂಪು ಖಾಲಿಯಾಗಿಯೇ ಕಾಣುವುದಕ್ಕೆ ಇದೇ ಕಾರಣ.

ಕೊನೆಯ ಪ್ರಾಜೆಕ್ಟಿಗೆ ಸಾಮಗ್ರಿ ಬಂದದ್ದು ಈ ಮೂರನೆಯ ಗುಂಪಿನಿಂದ. ಶೈಲಿಯನ್ನು ಬಿಟ್ಟುಬಿಡಬೇಕೆಂದು ಇದರ ಅರ್ಥವಲ್ಲ. ಶೈಲಿಯ ವ್ಯಾಕರಣದೊಳಗೆ ಆ ಸಣ್ಣ ಹಿಂಜರಿತಕ್ಕೆ ಎಷ್ಟು ಜಾಗ ಕೊಡಬಹುದು ಎಂಬುದನ್ನು ಹುಡುಕುತ್ತಿದ್ದೆ.

ಒಂದು ಸಲಕ್ಕೆ ಒಂದೇ ಬದಲು

ಚಲನೆಯ ಸಿದ್ಧಾಂತಿ ರುಡಾಲ್ಫ್ ಲಾಬನ್ (1879–1958) ಚಲನೆಯ ಗುಣವನ್ನು ತೂಕ, ದಿಕ್ಕು, ಕಾಲ, ಹರಿವು ಎಂದು ನಾಲ್ಕಾಗಿ ಬಿಡಿಸಿದ. ಮೊದಲ ಮೂರನ್ನು ಜೋಡಿಸಿದರೆ ಎಂಟು ಮೂಲ ಕ್ರಿಯೆಗಳಾಗುತ್ತವೆ: ಗುದ್ದುವುದು, ಒತ್ತುವುದು, ತಟ್ಟುವುದು, ಜಾರುವುದು, ಬೀಸಿ ಹೊಡೆಯುವುದು, ಹಿಂಡುವುದು, ಕೊಡವುವುದು, ತೇಲುವುದು. ಮೊದಲ ನಾಲ್ಕರಲ್ಲಿ ದಿಕ್ಕು ನೇರ, ಉಳಿದ ನಾಲ್ಕರಲ್ಲಿ ಸುತ್ತುಬಳಸು. ಭರತನಾಟ್ಯದ ಮೂಲ ಹೆಜ್ಜೆಗಳಾದ ಅಡವುಗಳನ್ನು ಈ ಪಟ್ಟಿಗೆ ಹಚ್ಚಿ ನೋಡಿ. ತಟ್ಟಡವು ಗುದ್ದು: ಭಾರ, ನೇರ, ಥಟ್ಟನೆ. ಸರುಕ್ಕಲ್ ಜಾರುವುದಕ್ಕೆ ಹತ್ತಿರ. ಹೀಗೆ ಹಚ್ಚುತ್ತ ಹೋದರೆ ಕಥೆಯಿಲ್ಲದ ಬರೀ ಚಲನೆಯ ನೃತ್ತಭಾಗ ಹೆಚ್ಚುಕಡಿಮೆ ನೇರದ ನಾಲ್ಕರಲ್ಲೇ ಮುಗಿಯುತ್ತದೆ, ಸುತ್ತುಬಳಸಿನ ನಾಲ್ಕು ಅಭಿನಯಕ್ಕೆ ಬಂದಾಗ ಮಾತ್ರ ತಲೆ ಹಾಕುತ್ತವೆ. ನನಗೆ ಕೆಲಸ ಕೊಟ್ಟದ್ದು ಈ ಖಾಲಿ ಜಾಗ.

ಉದಾಹರಣೆಗೆ ಕುದಿತ್ತಮೆಟ್ಟಡವು, "ತೈ ಹತ ತೈ ಹಿ". ಇದರಲ್ಲಿ ಕ್ರಿಯೆ ಎರಡೇ: ಬೆರಳುಗಳ ಮೇಲೆ ಹಾರಿ ನಿಲ್ಲುವುದು, ಹಿಮ್ಮಡಿ ಬಡಿಯುವುದು. ಮೊದಲ ಪ್ರಯೋಗದಲ್ಲಿ ಹಿಮ್ಮಡಿ ತೆಗೆದೆ. ಶಬ್ದ ಹೋಯಿತು, ಜೊತೆಗೆ ಭಾರ ಇಳಿಯುವ ಜಾಗವೂ ಹೋಯಿತು, ಮೈ ಪ್ರತಿ ಸಲವೂ ಮುಗಿಯದೆ ನಿಂತಂತೆ ಕಾಣುತ್ತದೆ. ಎರಡನೆಯದರಲ್ಲಿ ಹಿಮ್ಮಡಿ ಇದೆ, ಆದರೆ ಅರ್ಧ ಮಾತ್ರೆ (ತಾಳದ ಸಣ್ಣ ಅಳತೆ) ತಡ. ಈಗ ಕೈ ಮುಗಿದಿರುತ್ತದೆ, ಕಾಲು ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ, ಮೇಲ್ಭಾಗ ಕೆಳಭಾಗ ಇಬ್ಬರು ಬೇರೆ ಬೇರೆ ವ್ಯಕ್ತಿಗಳಂತೆ ತೋರುತ್ತದೆ. ಮೂರನೆಯದರಲ್ಲಿ ಕಾಲು ಯಥಾಪ್ರಕಾರ, ಕೈ ಹೋಗುವ ದಾರಿ ಮಾತ್ರ ನೇರದ ಬದಲು ಬಳಸು. ಅಡವು ತಕ್ಷಣ ಅಭಿನಯದ ಕಡೆ ವಾಲುತ್ತದೆ, ಯಾವ ಹಸ್ತಕ್ಕೂ ಅರ್ಥ ಕೊಡದೆಯೇ ನೋಡುವವರು ಕಥೆ ಹುಡುಕಲು ಶುರು ಮಾಡುತ್ತಾರೆ.

ಇಲ್ಲಿ ಕೆಲಸ ಕೆಡುವುದು ಒಂದೇ ಕಾರಣಕ್ಕೆ, ಆತುರ. ಕಾಲೂ ತಡ, ಕೈಯೂ ಬಳಸು, ಮುಖವೂ ಪಕ್ಕಕ್ಕೆ ಎಂದು ಮೂರನ್ನೂ ಒಟ್ಟಿಗೆ ಬದಲಿಸಿದರೆ ಹೊಸದೇನೋ ಕಾಣುತ್ತದೆ ನಿಜ, ಆದರೆ ಯಾವುದರಿಂದ ಬಂತು ಎಂದು ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಮುಂದಿನ ವಾರ ಅದನ್ನು ಮತ್ತೆ ತರಲು ಆಗುವುದಿಲ್ಲ, ಬರೆಯಲೂ ಆಗುವುದಿಲ್ಲ.

ನಮ್ಮ ಲೆಕ್ಕಾಚಾರವೇ ಸಾಕು

ಸೆಮಿನಾರಿನಲ್ಲಿ ಅಮೆರಿಕದ ಕೊರಿಯೋಗ್ರಾಫರ್ ಟ್ರಿಷಾ ಬ್ರೌನ್ ಅವರ 1971ರ "ಅಕ್ಯುಮುಲೇಷನ್" ತೋರಿಸುತ್ತಾರೆ. ಒಂದು ಚಲನೆ, ಆಮೇಲೆ ಒಂದು ಎರಡು, ಆಮೇಲೆ ಒಂದು ಎರಡು ಮೂರು. ಅದೇ ದೇಶದ ಮರ್ಸ್ ಕನಿಂಗ್‌ಹ್ಯಾಮ್ ನಾಣ್ಯ ಚಿಮ್ಮಿ ಚಲನೆಯ ಕ್ರಮ ನಿರ್ಧರಿಸಿದ್ದನ್ನು ಹೇಳುತ್ತಾರೆ. ಮೃದಂಗದ ಪಕ್ಕದಲ್ಲಿ ಬೆಳೆದವರಿಗೆ ಮೊದಲನೆಯದರಲ್ಲಿ ಸ್ರೋತೋವಹ ಯತಿ ಕಾಣಬೇಕು (ಯತಿ ಎಂದರೆ ಲಯದ ಗುಂಪುಗಳು ಬೆಳೆಯುವ, ಕುಗ್ಗುವ ವಿನ್ಯಾಸ). ಸಣ್ಣದರಿಂದ ದೊಡ್ಡದಕ್ಕೆ ಬೆಳೆಯುವುದು ಸ್ರೋತೋವಹ, ದೊಡ್ಡದರಿಂದ ಸಣ್ಣದಕ್ಕೆ ಇಳಿಯುವುದು ಗೋಪುಚ್ಛ, ನಡು ಉಬ್ಬಿದ್ದು ಮೃದಂಗ, ನಡು ಸಣ್ಣಗಾದದ್ದು ಡಮರು, ಜೊತೆಗೆ ಒಂದೇ ಅಳತೆಯ ಸಮ, ಕ್ರಮವಿಲ್ಲದ ವಿಷಮ. ಈ ಆರನ್ನೂ ನಾವು ಜತಿಯ, ಅಂದರೆ ಬಾಯಲ್ಲಿ ಹೇಳುವ ತಾಳದ ಅಕ್ಷರಗಳ ಸರಣಿಯ, ಮಾತ್ರೆಗಳಿಗೆ ಮಾತ್ರ ಬಳಸುತ್ತೇವೆ. ನಾನು ಅವನ್ನು ಬೇರೆ ಅಂಶಗಳಿಗೆ ಹಚ್ಚಿದೆ: ವೇದಿಕೆಯ ಮೇಲೆ ಬಳಸುವ ಜಾಗ ಗೋಪುಚ್ಛದಂತೆ ಕುಗ್ಗುತ್ತದೆ, ನರ್ತಕರ ಸಂಖ್ಯೆ ಡಮರುವಿನಂತೆ ಇಳಿದು ಏರುತ್ತದೆ, ಕಣ್ಣು ತೆರೆದಿರುವ ಅವಧಿ ಸ್ರೋತೋವಹದಂತೆ ಬೆಳೆಯುತ್ತದೆ. ಲಿಖಿತ ಭಾಗದಲ್ಲಿ ಸಮರ್ಥಿಸಿಕೊಳ್ಳಲೂ ಇದು ಸುಲಭ. ಎರವಲು ತಂದ ವಿಧಾನಕ್ಕಿಂತ ಕೈಯಲ್ಲಿರುವ ವಿಧಾನದ ಒಳಹೊರಗು ನಿಮಗೆ ಗೊತ್ತಿರುತ್ತದೆ.

ಮುಕ್ತಾಯದ ಲೆಕ್ಕವೂ ಹಾಗೆಯೇ. ಆದಿತಾಳ (ಎಂಟು ಅಕ್ಷರ), ಚತುರಶ್ರ ನಡೆ (ಅಕ್ಷರಕ್ಕೆ ನಾಲ್ಕು ಮಾತ್ರೆ), ಒಂದು ಆವರ್ತನಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, 32 ಮಾತ್ರೆ. ಆರು ಮಾತ್ರೆಯ ಸೊಲ್ಲು (ತಾಳದ ಅಕ್ಷರಗಳ ಗುಂಪು) ಮೂರು ಸಲ, ನಡುವೆ ಮೂರು ಮೂರು ಮಾತ್ರೆಯ ಕಾರ್ವೆ (ಬಿಡುವು): 6+3+6+3+6, ಒಟ್ಟು 24. ಎಂಟು ಮಾತ್ರೆ ಬಿಟ್ಟು, ಅಂದರೆ ಮೂರನೆಯ ಅಕ್ಷರದಲ್ಲಿ ಎತ್ತಿಕೊಂಡರೆ ಸಮಕ್ಕೆ ಸರಿಯಾಗಿ ಬಂದು ಬೀಳುತ್ತದೆ. ಬಿದ್ದ ಕ್ಷಣಕ್ಕೆ ಚಪ್ಪಾಳೆ. ಈಗ ಮೂರನೆಯ ಸಲವನ್ನು ಬಿಟ್ಟುಬಿಡಿ. 6+3+6 ಆದಮೇಲೆ ಉಳಿದ ಒಂಬತ್ತು ಮಾತ್ರೆ ಅರೆಮಂಡಿಯಲ್ಲಿ ಸುಮ್ಮನೆ ಇರಬೇಕು, ಒಳಗೆ ತಾಳ ನಡೆಯುತ್ತಿರಬೇಕು. ಕರ್ನಾಟಕ ಸಂಗೀತ ಗೊತ್ತಿದ್ದವರಿಗೆ ಬಾರದ ಸೊಲ್ಲು ಕಿವಿಯಲ್ಲಿ ಕೇಳಿಸುತ್ತದೆ. ಗೊತ್ತಿಲ್ಲದವರಿಗೆ ಅದು ಬರೀ ನಿಲುಗಡೆ, ಆದರೆ ಮೈ ಬಿಗಿಹಿಡಿದ ನಿಲುಗಡೆ. ಎರಡು ಬಗೆಯ ಪ್ರೇಕ್ಷಕರಿಗೂ ಅದರಲ್ಲಿ ಏನೋ ಒಂದು ಸಿಗುತ್ತದೆ. ಉಸಿರು ಮಾತ್ರ ಸಡಿಲ ಬಿಡಬಾರದು, ಬಿಟ್ಟರೆ ಮರೆತು ನಿಂತಂತೆ ಕಾಣುತ್ತದೆ.

ನೆಲ, ಚಳಿ, ಗೆಜ್ಜೆ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಅಲ್ಲಿನ ನೃತ್ಯ ಸ್ಟುಡಿಯೊಗಳ ನೆಲ ಒಳಗಿನಿಂದ ಪುಟಿಯುವ ಮರದ್ದು, ಮೇಲೆ ವಿನೈಲ್ ಹಾಸು. ಮಂಡಿಗೆ ಕಲ್ಲುನೆಲಕ್ಕಿಂತ ಎಷ್ಟೋ ವಾಸಿ. ಆದರೆ ಹೆಜ್ಜೆಯ ಶಬ್ದ ಸತ್ತುಹೋಗುತ್ತದೆ. ಶಬ್ದ ಕೇಳಿಸದೆ ಇದ್ದಾಗ ಮೈ ತಾನಾಗಿ ಜೋರಾಗಿ ಬಡಿಯುತ್ತದೆ, ಕೆಲವೇ ವಾರಗಳಲ್ಲಿ ಮೊಣಕಾಲ ಕೆಳಗಿನ ಮುಂಭಾಗ ಮತ್ತು ಅಂಗಾಲ ಮುಂಭಾಗ ನೋಯತೊಡಗುತ್ತವೆ. ಬರಿಗಾಲಿನ ಚರ್ಮ ವಿನೈಲಿಗೆ ಅಂಟುವುದರಿಂದ ತಿರುಗುವಾಗ ಮಂಡಿ ಉಳುಕುವ ಸಂಭವವೂ ಇದೆ. ಗೆಜ್ಜೆಯಿಂದ ಹಾಸಿನ ಮೇಲೆ ಗೀರು ಬೀಳುತ್ತದೆಂದು ಎಷ್ಟೋ ಕಡೆ ಬಿಡುವುದಿಲ್ಲ.

ನಾನು ಮಾಡಿಕೊಂಡ ಏರ್ಪಾಡು: 18 ಮಿಲಿಮೀಟರ್ ದಪ್ಪದ ಎಂಟಡಿ ನಾಲ್ಕಡಿ ಪ್ಲೈವುಡ್ ಎರಡು, ಪಕ್ಕಪಕ್ಕ ಹಾಕಿದರೆ ಎಂಟಡಿ ಚೌಕ. ಕೆಳಗೆ ಫೆಲ್ಟ್ ಹಾಸು, ಸುತ್ತ ಅಂಚಿಗೂ ನಡುವಿನ ಕೂಡಿಕೆಗೂ ಗ್ಯಾಫರ್ ಟೇಪ್. ಒಂದೊಂದು ಹಲಗೆ ಸುಮಾರು 30 ಕಿಲೊ ತೂಗುವುದರಿಂದ ಎತ್ತಲು ಇಬ್ಬರು ಬೇಕು. ತಂತ್ರಜ್ಞರನ್ನು ಮೊದಲೇ ಕೇಳಿ ಇಡುವ ಜಾಗ ಗೊತ್ತು ಮಾಡಿಕೊಳ್ಳಿ. ಹಲಗೆಯ ಮೇಲೆ ಶಬ್ದ ವಾಪಸಾದ ಕೂಡಲೇ ಕಾಲಿನ ಬಲ ತಾನಾಗಿ ಇಳಿಯುತ್ತದೆ. ಇನ್ನೊಂದು ಉಪಯೋಗ ಆಮೇಲೆ ಹೊಳೆಯಿತು: ಹಲಗೆಯ ಮೇಲೆ ಕೇಳಿಸುವ ಹೆಜ್ಜೆ, ಹೊರಗೆ ಇಟ್ಟರೆ ಕೇಳಿಸದ ಹೆಜ್ಜೆ, ಇದೇ ಒಂದು ರಚನೆಯಾಗಬಹುದು.

ಚಳಿಗಾಲದಲ್ಲಿ ಅರೆಮಂಡಿಗೆ ನೇರವಾಗಿ ಇಳಿಯಬೇಡಿ. ತೊಡೆಯ ಕೀಲು ಬಿಸಿಯಾಗದೆ ಇದ್ದರೆ ಪಾದ ಹೊರಳುವುದು ಮಂಡಿಯಿಂದ, ಅಲ್ಲಿಂದಲೇ ಪೆಟ್ಟು. ಇಪ್ಪತ್ತು ನಿಮಿಷ ಮೈ ಬಿಸಿ ಮಾಡುವುದನ್ನು ಕಾಯ್ದಿರಿಸಿದ ಎರಡು ಗಂಟೆಯೊಳಗೇ ಸೇರಿಸದೆ, ಕಾರಿಡಾರಿನಲ್ಲಿ ಮುಗಿಸಿಕೊಂಡು ಒಳಗೆ ಹೋಗುತ್ತಿದ್ದೆ. ಸ್ಟುಡಿಯೊ ಗಂಟೆ ಅಷ್ಟು ದುಬಾರಿ.

ಬೇರೆಯವರ ಮೈ

ಸಹಪಾಠಿಗಳನ್ನು ಹಾಕಿಕೊಂಡು ಗುಂಪು ಮಾಡುವಾಗ ಅವರಿಗೆ ಅಡವು ಕಲಿಸಲು ಹೊರಡುವುದು ವ್ಯರ್ಥ. ವರ್ಷಗಟ್ಟಲೆ ಬೇಕಾದ್ದು ಎರಡು ವಾರದಲ್ಲಿ ಬರುವುದಿಲ್ಲ. ಬಂದರೂ ಅರೆಬರೆ ಬರುತ್ತದೆ, ನೋಡುವವರು ಅವರನ್ನು ನಿಮ್ಮ ಜೊತೆ ಹೋಲಿಸಿ ಅವರದ್ದು ಕಳಪೆ ಎನ್ನುತ್ತಾರೆ. ಆಕಾರ ಕೊಡಬೇಡಿ, ಕೆಲಸ ಕೊಡಿ. ನಾನು ಕೊಟ್ಟದ್ದು ಸೊಲ್ಲು. ಮೊದಲು ಬಾಯಲ್ಲಿ: ಮೂರಕ್ಕೆ ತಕಿಟ, ನಾಲ್ಕಕ್ಕೆ ತಕಧಿಮಿ, ಐದಕ್ಕೆ ತಕತಕಿಟ, ಏಳಕ್ಕೆ ತಕಿಟತಕಧಿಮಿ, ಒಂಬತ್ತಕ್ಕೆ ತಕಧಿಮಿತಕತಕಿಟ. ಆಮೇಲೆ ನಡಿಗೆಯಲ್ಲಿ, ಪ್ರತಿ ಗುಂಪಿನ ಮೊದಲ ಅಕ್ಷರಕ್ಕೆ ಮಾತ್ರ ಭಾರ ಬದಲಿಸುತ್ತ. ಎಂಟರಲ್ಲೇ ಎಣಿಸಿ ಅಭ್ಯಾಸವಾದವರು ಐದು, ಏಳನ್ನು ಸಂಖ್ಯೆಯಲ್ಲಿ ಹೇಳಿದರೆ ಎಡವುತ್ತಾರೆ, ಸೊಲ್ಲಿನಲ್ಲಿ ಹೇಳಿದರೆ ಬೇಗ ಹಿಡಿಯುತ್ತಾರೆ. ನಡಿಗೆಯ ರೂಪ ಅವರವರದೇ ಇರಲಿ. ಒಂದೇ ಲೆಕ್ಕ ನಾಲ್ಕು ಬೇರೆ ಬೇರೆ ಮೈಗಳಲ್ಲಿ ಓಡುವುದು ಕಣ್ಣಿಗೂ ಚೆನ್ನ.

ಅಭಿಪ್ರಾಯ ಕೇಳುವ ಬಗೆ

ಅಮೆರಿಕದ ಕೊರಿಯೋಗ್ರಾಫರ್ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ "ಕ್ರಿಟಿಕಲ್ ರೆಸ್ಪಾನ್ಸ್ ಪ್ರೊಸೆಸ್" ನೃತ್ಯ ವಿಭಾಗಗಳಲ್ಲಿ ಬಳಕೆಯಲ್ಲಿದೆ. ನಾಲ್ಕು ಹಂತ: ನೋಡಿದವರು ತಮಗೆ ತಟ್ಟಿದ್ದನ್ನು ಹೇಳುತ್ತಾರೆ, ಕಲಾವಿದರು ತಮ್ಮ ಪ್ರಶ್ನೆ ಕೇಳುತ್ತಾರೆ, ನೋಡಿದವರು ಅಭಿಪ್ರಾಯ ಬೆರೆಸದ ಪ್ರಶ್ನೆ ಕೇಳುತ್ತಾರೆ, ಕೊನೆಗೆ, ಕಲಾವಿದರು ಒಪ್ಪಿದರೆ ಮಾತ್ರ, ಅಭಿಪ್ರಾಯ. ನಡೆಸಿಕೊಡಲು ಮೂರನೆಯವರು ಒಬ್ಬರು ಬೇಕು. ಹತ್ತು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. "ಇಷ್ಟುದ್ದ ಯಾಕೆ?" ಎಂಬುದರಲ್ಲಿ ಅಭಿಪ್ರಾಯ ಅಡಗಿದೆ. "ಅವಧಿಯನ್ನು ಹೇಗೆ ನಿರ್ಧರಿಸಿದಿರಿ?" ಎಂಬುದರಲ್ಲಿ ಇಲ್ಲ.

ನಮ್ಮವರಿಗೆ ಇಲ್ಲಿ ಎರಡು ಗುಂಡಿಗಳಿವೆ. ಒಂದು, ವಿವರಣೆ. ಎಂಟು ನಿಮಿಷ ಕುಣಿದು ಇಪ್ಪತ್ತು ನಿಮಿಷ ಮಯೂರ ಹಸ್ತ, ವಿರಹೋತ್ಕಂಠಿತೆ, ದಶಾವತಾರ ಎಂದು ಪಾಠ ಮಾಡಿದರೆ, ನೋಡಿದವರು ಆಮೇಲೆ ಪಾಠದ ಬಗ್ಗೆಯೇ ಮಾತಾಡುತ್ತಾರೆ. ನಾನು ಪ್ರದರ್ಶನಕ್ಕೆ ಮುನ್ನ ಶೀರ್ಷಿಕೆಯನ್ನೂ ಹೇಳುತ್ತಿರಲಿಲ್ಲ. ಎರಡು, ಹೊಗಳಿಕೆ. "ಎಷ್ಟು ಸುಂದರ, ಎಷ್ಟು ದೈವಿಕ" ಎಂಬ ಮಾತಿನಿಂದ ಕೆಲಸ ಒಂದಿಂಚೂ ಮುಂದೆ ಹೋಗದು. ಎರಡನೆಯ ಹಂತದಲ್ಲಿ ತಿರುಗಿ ಕೇಳಿ: ಯಾವ ಗಳಿಗೆಯಲ್ಲಿ ಹಾಗನ್ನಿಸಿತು, ಆಗ ನನ್ನ ಕಾಲು ಏನು ಮಾಡುತ್ತಿತ್ತು, ಮುಖ ಎತ್ತ ಇತ್ತು? ಉತ್ತರ ಬರದಿದ್ದರೆ ಅವರು ನೋಡಿದ್ದು ನಿಮ್ಮನ್ನಲ್ಲ, ಭಾರತೀಯ ನೃತ್ಯದ ಬಗ್ಗೆ ತಮ್ಮ ಮನಸ್ಸಿನಲ್ಲಿದ್ದ ಚಿತ್ರವನ್ನು. ಉತ್ತರ ಬಂದರೆ ಅದನ್ನು ಸಮಯದ ಸಮೇತ ಬರೆದುಕೊಂಡು, ಮುಂದಿನ ಸಲ ಆ ಗಳಿಗೆಯೊಂದನ್ನೇ ಬದಲಿಸಿ ತೋರಿಸಿ. ಮುಖ ನಿಶ್ಚಲವಾಗಿಟ್ಟ ಪದದ ಪರೀಕ್ಷೆಯಲ್ಲಿ ನನಗೆ ಸಿಕ್ಕ ಉಪಯುಕ್ತ ಸುಳಿವುಗಳೆಲ್ಲ ಬಂದದ್ದು ಹಸ್ತಗಳ ಹೆಸರೇ ಗೊತ್ತಿಲ್ಲದವರಿಂದ. ಕರೆಯುವ, ತಳ್ಳುವ, ಬಚ್ಚಿಡುವ ಹಸ್ತಗಳು ಮುಖವಿಲ್ಲದೆಯೂ ದಾಟಿದವು. ತಾವರೆ, ಚಂದ್ರ, ಭ್ರಮರಗಳು ದಾಟಲಿಲ್ಲ. ಮೈಯ ಭಾರ ಹಸ್ತದ ಹಿಂದೆ ಹೋಗುವ ಕಡೆ ಅರ್ಥ ಉಳಿಯುತ್ತದೆ, ಹಸ್ತ ಒಂಟಿಯಾಗಿ ನಿಂತ ಕಡೆ ಉದುರುತ್ತದೆ. ಪ್ರಾಜೆಕ್ಟು ನಿಂತದ್ದು ಈ ಒಂದು ವಾಕ್ಯದ ಮೇಲೆ.

ಬರವಣಿಗೆ

ಲಿಖಿತ ಭಾಗವನ್ನು ನಾಟ್ಯಶಾಸ್ತ್ರದ ಕಾಲದಿಂದ ಶುರು ಮಾಡಬೇಡಿ. ಐದು ಸಾವಿರ ವರ್ಷದ ಪರಂಪರೆ ಎಂದು ಬರೆದರೆ ಸೆಮಿನಾರಿನಲ್ಲಿ ಯಾರಾದರೊಬ್ಬರು 1930ರ ದಶಕದ ಪುನರುಜ್ಜೀವನ, 1936ರಲ್ಲಿ ಮದರಾಸಿನಲ್ಲಿ ಶುರುವಾದ ನೃತ್ಯಶಾಲೆ ಕಲಾಕ್ಷೇತ್ರ, ದೇವದಾಸಿ ಪದ್ಧತಿ ತಡೆಯುವ 1947ರ ಮದರಾಸು ಕಾಯಿದೆ ಇವನ್ನು ಮುಂದಿಟ್ಟು, ಈ ಕಲೆ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಆಗ ಯಾರು ಹೊರಗುಳಿದರು ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಮೈಸೂರು ಶೈಲಿಯಲ್ಲಿ ಬೆಳೆದವರಿಗೆ ಇದಕ್ಕೆ ಉತ್ತರ ಹತ್ತಿರದಲ್ಲೇ ಇದೆ: ಜಟ್ಟಿ ತಾಯಮ್ಮ, ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ, ಮೈಸೂರು ಅರಮನೆ, ಅಭಿನಯಕ್ಕೆ ಅಲ್ಲಿ ಸಿಕ್ಕ ಮನ್ನಣೆ. ನಿಮ್ಮ ಬಾನಿ (ಗುರುಪರಂಪರೆಯ ಶೈಲಿ) ಯಾರಿಂದ ಯಾರಿಗೆ ಬಂತು ಎಂದು ಅರ್ಧ ಪುಟದಲ್ಲಿ ಖಚಿತವಾಗಿ ಬರೆದರೆ ಸಾಕು, ಎರಡು ಸಾವಿರ ವರ್ಷದ ಇತಿಹಾಸಕ್ಕಿಂತ ಹೆಚ್ಚು ಉಪಯೋಗ.

ಹಿಂದಿನವರ ಕೆಲಸ ನೋಡುವಾಗ ಅವರು ಏನು ಸೇರಿಸಿದರು ಎನ್ನುವುದಕ್ಕಿಂತ ಏನು ತೆಗೆದರು ಎಂದು ಬರೆದುಕೊಳ್ಳುತ್ತಿದ್ದೆ. ಚೆನ್ನೈನ ಕೊರಿಯೋಗ್ರಾಫರ್ ಚಂದ್ರಲೇಖಾ 1985ರ "ಅಂಗಿಕಾ"ದ ಹೊತ್ತಿಗೆ ದೇವರ ಕಥೆಯನ್ನೂ ಆಭರಣವನ್ನೂ ಬದಿಗಿಟ್ಟು ಯೋಗ, ಕಳರಿಪಯಟ್ಟುಗಳ ಪಕ್ಕದಲ್ಲಿ ಅಡವನ್ನು ನಿಲ್ಲಿಸಿದರು. 1988ರಲ್ಲಿ ಲಂಡನ್ನಿನಲ್ಲಿ ತಂಡ ಕಟ್ಟಿದ ಶೋಭನಾ ಜಯಸಿಂಗ್ ಒಂಟಿ ನರ್ತಕಿಯ ಕೇಂದ್ರಸ್ಥಾನವನ್ನು ತೆಗೆದು ಗುಂಪಿನ ಜಾಮಿತಿಗೆ ಅಡವನ್ನು ಒಡ್ಡಿದರು. ಇವೆರಡಕ್ಕೂ ಮುಂಚೆ, 1960ರ ದಶಕದಲ್ಲೇ, ಬೆಂಗಳೂರಿನ ಮಾಯಾ ರಾವ್ ಮಾಸ್ಕೋದಲ್ಲಿ ಕೊರಿಯೋಗ್ರಫಿ ಓದಿ ಬಂದು ಅದನ್ನು ಭಾರತದಲ್ಲಿ ಪಠ್ಯವಾಗಿ ಕಲಿಸಿದರು. ಮೂವರನ್ನೂ ಅನುಕರಿಸದೆ ಓದಿಕೊಂಡರೆ ನಿಮ್ಮ ತೆಗೆಯುವ ಪಟ್ಟಿ ಅವರದ್ದಕ್ಕಿಂತ ಎಲ್ಲಿ ಬೇರೆ ಎಂಬುದು ಸ್ಪಷ್ಟವಾಗುತ್ತದೆ.

ವೀಸಾ, ಹಕ್ಕು, ದೀಪ

ವೀಸಾದ ಹಣದ ನಿಯಮ (28 ದಿನ ಸತತವಾಗಿ ಖಾತೆಯಲ್ಲಿರಬೇಕು), ಕ್ಷಯ ಪರೀಕ್ಷೆ ಇತ್ಯಾದಿ ಎಲ್ಲರಿಗೂ ಒಂದೇ, ಅವುಗಳ ಮಾಹಿತಿ ಎಲ್ಲೆಡೆ ಸಿಗುತ್ತದೆ. ನರ್ತಕರಿಗೆ ಮಾತ್ರ ತಟ್ಟುವುದು ಬೇರೊಂದು: ಬ್ರಿಟನ್ನಿನ ಸ್ಟೂಡೆಂಟ್ ವೀಸಾದಲ್ಲಿ ಸ್ವಯಂಉದ್ಯೋಗ ಮಾಡುವಂತಿಲ್ಲ, ಮನರಂಜನಾ ಕಲಾವಿದರಾಗಿ ದುಡಿಯುವಂತಿಲ್ಲ. ವಾರಾಂತ್ಯದಲ್ಲಿ ಮಕ್ಕಳಿಗೆ ಭರತನಾಟ್ಯ ಹೇಳಿಕೊಟ್ಟು ಶುಲ್ಕ ಪಡೆಯುವುದು, ದೀಪಾವಳಿ ಕಾರ್ಯಕ್ರಮಕ್ಕೆ ಸಂಭಾವನೆ ತೆಗೆದುಕೊಳ್ಳುವುದು ಎರಡೂ ಇದರೊಳಗೆ ಸಿಕ್ಕಿಬೀಳುತ್ತವೆ. ವಾರಕ್ಕೆ 20 ಗಂಟೆಯ ಕೆಲಸಕ್ಕೆ ಅವಕಾಶವಿದೆಯಲ್ಲ ಎಂದರೆ, ಅದು ಸಂಬಳದ ನೌಕರಿಗೆ. ಎಂಎಯ ಬೇಸಿಗೆ ತಿಂಗಳುಗಳನ್ನೂ ಸಾಮಾನ್ಯವಾಗಿ ರಜೆಯೆಂದು ಪರಿಗಣಿಸುವುದಿಲ್ಲ, ಪ್ರಾಜೆಕ್ಟು ನಡೆಯುತ್ತಿರುತ್ತದೆ. ಕೋರ್ಸಿನ ಭಾಗವಾದ ಪ್ರದರ್ಶನಕ್ಕೆ ತೊಂದರೆಯಿಲ್ಲ. ಹೊರಗಿನ ಆಹ್ವಾನ ಬಂದಾಗ ಒಪ್ಪಿಕೊಳ್ಳುವ ಮೊದಲು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಈಮೇಲಿನಲ್ಲೇ ಕೇಳಿ, ಉತ್ತರ ಇಟ್ಟುಕೊಳ್ಳಿ. ಓದು ಮುಗಿದ ಮೇಲಿನ ಗ್ರ್ಯಾಜುಯೇಟ್ ವೀಸಾದಲ್ಲಿ ಸ್ವಂತವಾಗಿ ದುಡಿಯಬಹುದು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದರ ಅವಧಿ ಎರಡು ವರ್ಷದಿಂದ 18 ತಿಂಗಳಿಗೆ ಇಳಿಯುತ್ತದೆ, ಯೋಜನೆ ಹಾಕುವಾಗ ನೆನಪಿರಲಿ.

ಸಂಗೀತದ ಹಕ್ಕು ಎರಡು ಪದರ. ತ್ಯಾಗರಾಜರ ಕೃತಿಗೆ ಯಾರ ಅನುಮತಿಯೂ ಬೇಡ, ಆದರೆ ಅದನ್ನು ಹಾಡಿದ ರೆಕಾರ್ಡಿಂಗಿಗೆ ಬೇಕು. ಬ್ರಿಟನ್ನಿನಲ್ಲಿ ರೆಕಾರ್ಡಿಂಗಿನ ಹಕ್ಕು ಬಿಡುಗಡೆಯಾದಾಗಿನಿಂದ 70 ವರ್ಷ. ಯೂಟ್ಯೂಬಿನಿಂದ ಇಳಿಸಿಕೊಂಡ ಹಾಡಿಗೆ ಕುಣಿದರೆ ಆ ವಿಡಿಯೊವನ್ನು ಆಮೇಲೆ ಯಾವ ಉತ್ಸವಕ್ಕೂ ಧೈರ್ಯವಾಗಿ ಕಳಿಸಲಾಗದು. ನಟುವಾಂಗವನ್ನೂ (ತಾಳ ಹಾಕುತ್ತ ಸೊಲ್ಲು ಹೇಳುವುದು) ಹಾಡನ್ನೂ ಪರಿಚಿತ ಕಲಾವಿದರಿಂದ ಬೇರೆ ಬೇರೆ ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡಿಸಿಕೊಂಡು, ಬಳಕೆಗೆ ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊಂಡೆ. ಬೇರೆ ಬೇರೆ ಟ್ರ್ಯಾಕ್ ಇದ್ದರೆ ತಾಳ ಮಾತ್ರ, ಶ್ರುತಿ ಮಾತ್ರ, ಎರಡೂ ಇಲ್ಲ ಎಂದು ತಾಲೀಮಿನಲ್ಲಿ ಬದಲಿಸಿ ನೋಡಲೂ ಬರುತ್ತದೆ.

ದೀಪದ ಬಗ್ಗೆ ಒಂದೇ ಮಾತು. ಮುಂಭಾಗದ ಬೆಳಕು ಮುಖಕ್ಕೆ, ಪಕ್ಕದ ಬೆಳಕು ಮೈಗೆ. ಮೊಣಕಾಲ ಕೆಳಗೆ, ಸೊಂಟ, ತಲೆ ಈ ಮೂರು ಎತ್ತರದಲ್ಲಿ ಪಕ್ಕದಿಂದ ಬೆಳಕು ಬಿಟ್ಟರೆ ಅರೆಮಂಡಿಯ ಕೋನಗಳು ಕಡೆದಿಟ್ಟಂತೆ ಕಾಣುತ್ತವೆ, ಮುಖ ಅರ್ಧ ಕತ್ತಲಾಗುತ್ತದೆ. ಎರಡನ್ನೂ ಪೂರ್ತಿ ಹಾಕಿಸಿದರೆ ಎರಡೂ ಚಪ್ಪಟೆ. ನನ್ನ ಪ್ರಶ್ನೆ ಮುಖ ತೆಗೆಯುವುದರ ಬಗ್ಗೆ ಇದ್ದುದರಿಂದ ಆಯ್ಕೆ ಸುಲಭವಾಯಿತು, ಮುಂಭಾಗದ ದೀಪ ಒಂದನ್ನೂ ಹಾಕಿಸಲಿಲ್ಲ.

ಗುರುಗಳು ಕಲಿಸಿದ ಜತಿಯನ್ನೋ ಕೋರ್ವೆಯನ್ನೋ (ಅಡವುಗಳ ಜೋಡಣೆ) ಬಿಚ್ಚಿ ಬಳಸಿದ್ದರೆ, ಪ್ರದರ್ಶನ ಆದಮೇಲೆ ಅಲ್ಲ, ಆಗುವ ಮೊದಲೇ ತಾಲೀಮಿನ ವಿಡಿಯೊ ಕಳಿಸಿ ಫೋನಿನಲ್ಲಿ ಮಾತಾಡಿ. ಒಪ್ಪದೆ ಇರುವ ಹಕ್ಕು ಅವರಿಗಿದೆ, ಒಪ್ಪದಿದ್ದರೆ ಸೊಲ್ಲುಗಳನ್ನು ಬದಲಿಸಿ ಹೊಸದಾಗಿ ಕಟ್ಟಿಕೊಳ್ಳಲು ಎರಡು ವಾರವಾದರೂ ಬೇಕು. ಒಪ್ಪಿದರೆ ಕಾರ್ಯಕ್ರಮ ಪಟ್ಟಿಯಲ್ಲಿ "ಮೂಲ ಜತಿ" ಎಂದು ಅವರ ಹೆಸರನ್ನು ಒಂದು ಸಾಲಿನಲ್ಲೂ, ಕೊರಿಯೋಗ್ರಫಿ ಎಂದು ನಿಮ್ಮ ಹೆಸರನ್ನು ಬೇರೆ ಸಾಲಿನಲ್ಲೂ ಹಾಕಿಸಿ.